ಬೇತ್ಲೆಹೇಮಿನ ಆ ಗಿಡ್ಡ ಬಾಗಿಲಿನ ಕಥೆ ಎಂತ?

ಕಂಕನಾಡಿಯವಳು (ಎಳೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. 2019ರ ಫೆಬ್ರವರಿಯಲ್ಲಿ ಅಮ್ಮನನ್ನು ಕರಕೊಂಡು ಹೋಲಿ ಲ್ಯಾಂಡ್ ಟೂರ್‌ಗೆ ಹೋಗಿದ್ದೆ. ಮೊನ್ನೆ ಫೋನಿನ ಹಳೇ ಫೋಟೊ ಅಳಿಸ್ತಾ ಕೂತಾಗ, ಯೇಸು ಹುಟ್ಟಿದ ಜಾಗ ಅಂತ ಹೇಳುವ ಬೇತ್ಲೆಹೇಮಿನ ಇಗರ್ಜಿಯ ಬಾಗಿಲಿನ ಚಿತ್ರ ಸಿಕ್ಕಿತು. ಕೋಟೆಯ ಹಾಗಿನ ಗೋಡೆ, ಅದರ ಬುಡದಲ್ಲಿ ಕೋಳಿಗೂಡಿಗೆ ಇಟ್ಟ ಹಾಗೆ ಒಂದು ಕಂಡಿ. ನಾನು ಬಗ್ಗಿದ್ದು ಸಾಕಾಗಲಿಲ್ಲ, ಹಣೆಗೆ ಸರಿಯಾಗಿ ಬಡಿಯಿತು. ಅಮ್ಮ ಇರುವುದೇ 4 ಅಡಿ 10 ಇಂಚು, ಅವರೂ ಬಗ್ಗಿಯೇ ಹೋದದ್ದು. ನಮ್ಮ ಗೈಡ್ ಹೇಳಿದ: "ದೇವರ ಎದುರು ಎಲ್ಲರೂ ತಲೆ ತಗ್ಗಿಸಬೇಕು, ಅದಕ್ಕೇ ಇದಕ್ಕೆ ವಿನಯದ ಬಾಗಿಲು ಅಂತ ಹೆಸರು." ಹಿಂದಿನ ಗುಂಪಿನ ಗೈಡ್ "ಕುದುರೆ ಒಳಗೆ ನುಗ್ಗಬಾರದು ಅಂತ ಮಾಡಿದ್ದು" ಅಂತಿದ್ದ. ಯಾವುದು ಹೌದು?

ಇನ್ನೊಂದು ಸಂಗತಿ. ಒಳಗೆ, ಗುಹೆಗೆ ಇಳಿಯುವ ಮೆಟ್ಟಿಲಲ್ಲಿ ಮೋಂಬತ್ತಿಯ ಮೇಣ ಬಿದ್ದು ಗಟ್ಟಿಯಾಗಿತ್ತು. ಅಮ್ಮನಿಗೆ ಊರಿನ ಇಗರ್ಜಿಯಲ್ಲಿ ಮೂವತ್ತು ವರ್ಷ ಗುಡಿಸಿ ಒರೆಸಿದ ಅಭ್ಯಾಸ. ಕೂತು ಉಗುರಿನಲ್ಲಿ ಕೆರೆಯಲು ಶುರು ಮಾಡಿದರು. ಕಪ್ಪು ನಿಲುವಂಗಿಯ ಪಾದ್ರಿಯೊಬ್ಬರು ಓಡಿಬಂದರು. ಬೈಯಲಿಲ್ಲ, ನಗುತ್ತಲೇ "ನೋ ಮದರ್, ನೋ" ಅಂತ ಕೈ ಹಿಡಿದು ಎಬ್ಬಿಸಿದರು. ಮೇಣ ಅಲ್ಲೇ ಉಳಿಯಿತು. ಸ್ವಚ್ಛ ಮಾಡಿದರೆ ಎಂತ ತೊಂದರೆ ಅಂತ ಅಮ್ಮ ಇವತ್ತಿಗೂ ಕೇಳ್ತಾರೆ. ಗೊತ್ತಿದ್ದವರು ಹೇಳಿ ಮಾರಾಯ್ರೆ.


ಕಲ್ಲುಕುಟಿಗ

ಹಳೇ ಕಟ್ಟಡ ರಿಪೇರಿ ನನ್ನ ಕಸುಬು, ಹಾಗಾಗಿ ನಿಮ್ಮ ಫೋಟೊ ನೋಡಿ ಸುಮ್ಮನಿರೋಕೆ ಆಗಲಿಲ್ಲ. ಚಿತ್ರ ದೊಡ್ಡದು ಮಾಡಿ ಬಾಗಿಲು ಬಿಟ್ಟು ಅದರ ಮೇಲಿನ ಗೋಡೆ ನೋಡಿ. ಮೇಲೆ ಅಡ್ಡಲಾಗಿ ಚಾಚಿಕೊಂಡ ಕೆತ್ತನೆ ಕಲ್ಲು ಕಾಣ್ತಿದೆಯಲ್ಲ, ಅದು 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ ಕಟ್ಟಿದ ಬಾಗಿಲಿನ ತಲೆಗಟ್ಟು. ಅಷ್ಟೆತ್ತರದ ಬಾಗಿಲು ಅದು. ಅದರ ಕೆಳಗೆ ಚೂಪು ಕಮಾನಿನ ಗೆರೆ ಇದೆ. ಅದು ಯೂರೋಪಿನಿಂದ ಧರ್ಮಯುದ್ಧಕ್ಕೆ ಬಂದ ಕ್ರುಸೇಡರುಗಳದ್ದು, 12ನೇ ಶತಮಾನ. ಅವರು ಬಾಗಿಲನ್ನು ಕಮಾನಿನ ಅಳತೆಗೆ ಇಳಿಸಿದರು. ಆ ಕಮಾನನ್ನೂ ಆಮೇಲೆ ಕಲ್ಲು ಹಾಕಿ ಮುಚ್ಚಿ, ನಡುವೆ ಸುಮಾರು 1.2 ಮೀಟರ್ ಎತ್ತರದ ಕಂಡಿ ಬಿಟ್ಟರು. ಅದೇ ನಿಮ್ಮ ಹಣೆಗೆ ಬಡಿದದ್ದು.

ಮೂರು ಕಾಲದ ಕೆಲಸ ಒಂದರೊಳಗೆ ಒಂದು ಕೂತಿದೆ, ಒಂದಕ್ಕಿಂತ ಒಂದು ಗಿಡ್ಡ. ಜಸ್ಟಿನಿಯನ್ ಕಾಲದಲ್ಲಿ ಮುಂದುಗಡೆ ಮೂರು ಬಾಗಿಲಿದ್ದವು, ಉಳಿದೆರಡು ಪೂರ್ತಿ ಮುಚ್ಚಿಹೋಗಿವೆ.

ಕುದುರೆ ಅಂದ ಗೈಡ್ ಸರಿ. ಒಟ್ಟೋಮನ್ ತುರ್ಕರ ಕಾಲದಲ್ಲಿ, ಲೂಟಿಗೆ ಬಂದವರು ಕುದುರೆ, ಗಾಡಿ ಸಮೇತ ನುಗ್ಗಬಾರದು ಅಂತ ತಗ್ಗಿಸಿದ್ದು ಅಂತಲೇ ಸಾಮಾನ್ಯವಾಗಿ ಹೇಳೋದು. ಬಾಗಿಲು ಮೊದಲು ಗಿಡ್ಡವಾಯ್ತು, ವಿನಯ ಆಮೇಲೆ ಬಂತು.


ಕೊಳ್ಳೇಗಾಲ 2

ಓಬವ್ವನ ಕಿಂಡಿ ನೆನಪಾಯ್ತು. ಒಳಗೆ ಒನಕೆ ಹಿಡ್ಕೊಂಡು ಒಬ್ರು ಪಾದ್ರಿ ನಿಂತಿದ್ರೆ ಮುಗೀತು.


ಧಾರವಾಡ ಫೇಡೆ

ನಮ್ಮ ಅಜ್ಜನ ವಾಡೇದಾಗೂ ಬಾಗಲಾ ಹಿಂಗ ಇದ್ದೂ ನೋಡ್ರಿ. ಕೆಳಗ ಮೊಣಕಾಲ ತನಕ ಹೊಸ್ತಿಲಾ, ಮ್ಯಾಲ ಹಣಿಗೆ ಬಡಿಯೋ ಚೌಕಟ್ಟು. ಬೀಗರು ಬಂದ್ರ ನಮಸ್ಕಾರ ಮಾಡ್ಕೋತನ ಒಳಗ ಬರ್ತಿದ್ರು. ಅಜ್ಜನ್ನ ಕೇಳಿದ್ರ ಸಂಸ್ಕಾರ ಅಂತಿದ್ದ, ಅಜ್ಜೀನ್ನ ಕೇಳಿದ್ರ ಕಳ್ಳರ ಸಲುವಾಗಿ ಅಂತಿದ್ಲು. ಇಬ್ಬರೂ ಖರೇನ.


ಹಳೇ ಮೇಷ್ಟ್ರು

ಬಾಗಿಲಿನಿಂದ ಶುರುವಾಗಿದ್ದು ಒಳ್ಳೆಯದಾಯಿತು. ಆದರೆ ಬಾಗಿಲಿಗಿಂತ ಊರು ಬಹಳ ಹಳೆಯದು, ಆ ಭಾಗ ನಾನು ಹೇಳುತ್ತೇನೆ. ಮೂವತ್ತೆರಡು ವರ್ಷ ಇತಿಹಾಸ ಪಾಠ ಮಾಡಿದವನು, ಉದ್ದವಾದರೆ ಕ್ಷಮಿಸಿ.

ಜೆರೂಸಲೇಮಿನ ದಕ್ಷಿಣಕ್ಕೆ ಎಂಟು ಒಂಬತ್ತು ಕಿಲೋಮೀಟರ್, ಬೆಟ್ಟದ ಏಣಿನ ಮೇಲೆ ಊರು. ಹೀಬ್ರೂವಿನಲ್ಲಿ ಬೇತ್ ಲೆಹೆಮ್ ಎಂದರೆ ರೊಟ್ಟಿಯ ಮನೆ. ಅರಬ್ಬಿಯಲ್ಲಿ ಬೈತ್ ಲಹ್ಮ್, ಮಾಂಸದ ಮನೆ. ಎರಡು ಭಾಷೆಯಲ್ಲಿ ಒಂದೇ ಧಾತು ಎರಡು ಊಟ ಬಡಿಸಿದೆ. ಬೈಬಲ್ಲಿನಾಚೆಗೆ ಈ ಊರಿನ ಹೆಸರಿಗೆ ಗಟ್ಟಿ ಸಾಕ್ಷಿ ಅಂತ ಒಂದು ಸಿಕ್ಕಿದ್ದು ಇತ್ತೀಚೆಗೆ. 2012ರಲ್ಲಿ ಜೆರೂಸಲೇಮಿನ ಉತ್ಖನನದಲ್ಲಿ ದೊರೆತ, ಉಗುರಿನಷ್ಟು ಅಗಲದ ಒಂದು ಮಣ್ಣಿನ ಮುದ್ರೆ. ಕ್ರಿಸ್ತಪೂರ್ವ 8 ಅಥವಾ 7ನೇ ಶತಮಾನದ್ದು. ಅರಸನಿಗೆ ಈ ಊರಿನಿಂದ ಹೋದ ಕಂದಾಯದ ಮೂಟೆಗೋ ಪತ್ರಕ್ಕೋ ಹಚ್ಚಿದ ಮುದ್ರೆ ಇರಬೇಕು.

ಯೇಸುವಿಗಿಂತ ಮೊದಲು ಇದು ದಾವೀದ ಅರಸನ ಊರು. ದಾವೀದನಿಗಿಂತ ಮೊದಲು ರೂತಳ ಊರು. ರೂತಳ ಕಥೆ ನನಗೆ ಬಹಳ ಇಷ್ಟ. ಮೋವಾಬ್ ದೇಶದ ಹೆಣ್ಣು, ಗಂಡ ಸತ್ತಿದ್ದಾನೆ, ಅತ್ತೆ ನೊವೊಮಿಯ ಜೊತೆ ಬೇತ್ಲೆಹೇಮಿಗೆ ಬಂದು, ಜವೆಗೋದಿ ಕೊಯ್ಲಿನ ಹೊಲದಲ್ಲಿ ಕೊಯ್ಯುವವರ ಹಿಂದೆ ಹಿಂದೆ ಹೋಗಿ ಹಕ್ಕಲು ಆಯುತ್ತಾಳೆ. ಆ ಹೊಲದ ಒಡೆಯ ಬೋವಜನನ್ನೇ ಮದುವೆಯಾಗುತ್ತಾಳೆ. ಅವಳ ಮರಿಮಗ ದಾವೀದ. ಹೊರಗಿನಿಂದ ಬಂದ ಬಡ ವಿಧವೆಯಿಂದ ಅರಸನ ವಂಶ ಶುರುವಾಯಿತು. ಹಕ್ಕಲು ಆಯುವುದು ಅಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ನಮ್ಮ ಕಡೆ ರಾಗಿ ಕೊಯ್ದ ಮೇಲೆ ಬಿದ್ದ ತೆನೆ ಆಯುವುದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಮೀಕ ಪ್ರವಾದಿ ಇಸ್ರಾಯೇಲನ್ನು ಆಳುವವನು ಇಲ್ಲಿಂದ ಬರುತ್ತಾನೆ ಎಂದಿದ್ದ. ಮತ್ತಾಯ, ಲೂಕ ಇಬ್ಬರ ಸುವಾರ್ತೆಯೂ ಯೇಸುವಿನ ಜನನವನ್ನು ಇಲ್ಲೇ ಇಡುತ್ತದೆ.

ಆದರೆ ಗುಹೆ ಸುವಾರ್ತೆಯಲ್ಲಿ ಇಲ್ಲ, ಗಮನಿಸಿ. ಗುಹೆಯ ಮಾತು ಬರುವುದು ಸುಮಾರು 150ರಲ್ಲಿ, ಜಸ್ಟಿನ್ ಎಂಬ ಹುತಾತ್ಮನ ಬರಹದಲ್ಲಿ. ಮುಂದಿನ ಶತಮಾನದಲ್ಲಿ ಓರಿಜೆನ್ ಎಂಬ ಕ್ರೈಸ್ತ ಪಂಡಿತ, ಆ ಗುಹೆಯನ್ನು ಊರವರು ತೋರಿಸುತ್ತಾರೆ ಎಂದು ಬರೆಯುತ್ತಾನೆ. ಅಲ್ಲಿ ಅಡೋನಿಸ್ ದೇವತೆಯ ತೋಪು ಇತ್ತು, ಯೇಸು ಅತ್ತ ಗುಹೆಯಲ್ಲಿ ವೀನಸ್ಸಿನ ಪ್ರಿಯಕರನಾದ ಆ ಅಡೋನಿಸ್‌ಗಾಗಿ ಅಳುತ್ತಿದ್ದರು ಎಂದು ಆಮೇಲೆ ಜೆರೋಮ್ ಎಂಬ ಪಂಡಿತ ಸನ್ಯಾಸಿ ಸಂಕಟಪಟ್ಟು ಬರೆದಿದ್ದಾನೆ. ಕಾನ್‌ಸ್ಟಂಟೈನ್ ಚಕ್ರವರ್ತಿಯ ತಾಯಿ ಹೆಲೆನಾ 4ನೇ ಶತಮಾನದಲ್ಲಿ ಬಂದಳು. ಗುಹೆಯ ಮೇಲೆ ಚರ್ಚು ಎದ್ದಿತು. 333ರಲ್ಲಿ ಫ್ರಾನ್ಸಿನ ಬೋರ್ಡೋ ಊರಿನಿಂದ ಬಂದ ಯಾತ್ರಿಕನೊಬ್ಬ ಅದನ್ನು ನೋಡಿದ್ದಾನೆ.


ಪ್ರಶ್ನಾರ್ಥಕ

ಮೇಷ್ಟ್ರೇ, ಗೌರವದಿಂದಲೇ ಕೇಳ್ತಿದ್ದೀನಿ. ಯೇಸು ಬೇತ್ಲೆಹೇಮಿನಲ್ಲಿ ಹುಟ್ಟಿದ್ದು ಅನ್ನೋದಕ್ಕೆ ಇತಿಹಾಸದ ಆಧಾರ ಇದೆಯಾ? ನಜರೇತಿನವನು ಅಂತಲೇ ಎಲ್ಲ ಕಡೆ ಕರೀತಾರೆ. ಲೂಕ ಹೇಳೋ ಖಾನೇಷುಮಾರಿ ಕುರೇನ್ಯ ಅನ್ನೋ ರೋಮನ್ ಅಧಿಪತಿಯ ಕಾಲದ್ದು, ಅಂದರೆ ಕ್ರಿ.ಶ. 6. ಮತ್ತಾಯ ಹೇಳೋದು ಹೆರೋದ ಅರಸ ಬದುಕಿದ್ದಾಗ ಅಂತ, ಅವನು ಸತ್ತದ್ದು ಕ್ರಿ.ಪೂ. 4. ಎರಡೂ ಒಟ್ಟಿಗೆ ಹೇಗೆ?


ಹಳೇ ಮೇಷ್ಟ್ರು

ಕೂಡಿ ಬರುವುದಿಲ್ಲ. ಕೂಡಿಸಲು ಎರಡು ಸಾವಿರ ವರ್ಷದಿಂದ ಪ್ರಯತ್ನ ನಡೆದಿದೆ, ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಗಲಿಲಾಯದಲ್ಲಿ, ನಜರೇತಿನ ಹತ್ತಿರವೇ ಇನ್ನೊಂದು ಬೇತ್ಲೆಹೇಮ್ ಇದೆ, ಯೆಹೋಶುವನ ಗ್ರಂಥದಲ್ಲೂ ಅದರ ಹೆಸರುಂಟು. ಅದೇ ಇರಬೇಕು ಎನ್ನುವ ಪುರಾತತ್ವಜ್ಞರೂ ಇದ್ದಾರೆ. ನಮ್ಮಲ್ಲಿ ಹೊಸಹಳ್ಳಿ ಎಷ್ಟಿಲ್ಲ?

ನನ್ನ ಮಟ್ಟಿಗೆ ಹೇಳಬೇಕಾದರೆ, ಜನನದ ಸಂಗತಿ ನಂಬಿಕೆಯದ್ದು. ಆದರೆ ಜಸ್ಟಿನ್‌ನಿಂದ ಇವತ್ತಿನವರೆಗೆ ಜನ ಒಂದೇ ಜಾಗಕ್ಕೆ ಬಂದು ಮಂಡಿಯೂರುತ್ತಿರುವುದು ಇತಿಹಾಸದ್ದು. ನನಗೆ ಎರಡನೆಯದರ ಮೇಲೆ ಮಾತ್ರ ಪಾಠ ಮಾಡಲು ಬರುತ್ತದೆ.


ಧಾರವಾಡ ಫೇಡೆ

ರೊಟ್ಟಿ ಮನಿ ಅಂದ್ರ ಅದು ನಮ್ಮ ಊರ ಆತಲ್ಲಪ್ಪಾ.

ಇರ್ಲಿ, ಒಂದ ಮಾತು ಹೇಳ್ಬೇಕು. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಮನೆತನ. ಅಜ್ಜಿ ದಿನಾ ಸಂಜಿಕೆ ಕನ್ನಡ ಬೈಬಲ್ ಓದಸ್ತಿದ್ಲು. ಅದರಾಗ "ಛತ್ರದಲ್ಲಿ ಸ್ಥಳವಿಲ್ಲದ್ದರಿಂದ" ಕೂಸಿನ್ನ ಗೋದಲಿಯೊಳಗ ಮಲಗಿಸಿದ್ಲು ಅಂತ ಬರ್ತದ. ನಾ ಸಣ್ಣಾಂವಿದ್ದಾಗ ಛತ್ರ ಅಂದ್ರ ನಮ್ಮ ಕಡೆ ಧರ್ಮಛತ್ರ ಇರ್ತಾವಲ್ಲ, ಹಂಗ ತಿಳ್ಕೊಂಡಿದ್ದೆ. ದೊಡ್ಡಾಂವ ಆದ ಮ್ಯಾಲ ನಮ್ಮ ಪಾಸ್ಟರ್ ಅಯ್ಯನವರು ಹೇಳಿದ್ರು, ಗ್ರೀಕಿನೊಳಗ ಅಲ್ಲಿ ಇರೋ ಶಬ್ದ ಕತಾಲುಮ, ಅಂದ್ರ ಬಂದವರು ಇಳಕೊಳ್ಳೋ ಕೋಣಿ ಅಂತನೂ ಆಗ್ತದ. ಒಳ್ಳೇ ಸಮಾರ್ಯದವನ ಕಥಿಯೊಳಗ ಲೂಕ ಖರೇ ಛತ್ರಕ್ಕ ಬ್ಯಾರೇ ಶಬ್ದ ಹಾಕ್ಯಾನ. ಅಂದ್ರ ಮಂದಿ ತುಂಬಿದ ಬೀಗರ ಮನಿ, ಮುಂದಿನ ಕೋಣ್ಯಾಗ ಜಾಗಾ ಇಲ್ಲ, ಹಿಂದ ದನಾ ಕಟ್ಟೋ ಕಡೆ ಹಾಸಿ ಕೊಟ್ಟಾರ. ಆ ಕಡೆ ಗುಡ್ಡದ ಊರಾಗ ಗವಿಗೆ ಹೊಂದಿಸಿ ಮನಿ ಕಟ್ಟೋದು, ಗವಿಯೊಳಗ ದನಾ ಕಟ್ಟೋದು ರೂಢಿ. ನಮ್ಮ ಹಳ್ಳಿಯೊಳಗ ದನದ ಕೊಟ್ಟಿಗಿ ಮನಿ ಒಳಗ ಇರ್ತಿತ್ತಲ್ಲ, ಹಂಗ. ನನಗ ಇದು ಭಾಳ ಸೇರ್ತು. ಯಾರೂ ಹೊರಗ ದಬ್ಬಿಲ್ಲ, ಇದ್ದದ್ರಾಗ ಜಾಗಾ ಮಾಡ್ಯಾರ.

ಮತ್ತ ಕೂಸಿನ್ನ ನೋಡಾಕ ಬಂದ ಆ ಮೂಡಣ ದೇಶದ ಜೋಯಿಸರು ಮೂರ ಮಂದಿ ಅಂತ ಬೈಬಲ್ಲಿನ್ಯಾಗ ಎಲ್ಲೂ ಇಲ್ಲ. ಕಾಣಿಕಿ ಮೂರು ಇದ್ದೂ, ಮಂದಿ ಎಣಿಸಿದವರು ನಾವು.


ಕಂಕನಾಡಿಯವಳು

ಫೇಡೆಯವರೇ, ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಹಾಗಾದರೆ ನಾವು ಪ್ರತಿ ವರ್ಷ ಕ್ರಿಬ್‌ನಲ್ಲಿ ಆ ಜೋಯಿಸರು ಅಂತ ಮೂರೇ ಅರಸರನ್ನು ಇಡುವುದು ತಪ್ಪಾ" ಅಂತ ಬೇಜಾರು ಮಾಡಿಕೊಂಡರು. ಒಂಟೆಯ ಕಾಲು ಮುರಿದಿದೆ, ಅದನ್ನೇ ಇನ್ನೂ ಬದಲಿಸಿಲ್ಲ. ಅರಸರ ಸಂಖ್ಯೆ ಮತ್ತೆ ನೋಡುವ.

ಮೇಣದ ವಿಷಯ ಯಾರೂ ಹೇಳಲಿಲ್ಲ.


ಕಲ್ಲುಕುಟಿಗ

ಮೇಣಕ್ಕೆ ಬರ್ತೀನಿ. ಅದಕ್ಕೆ ಮೊದಲು ಅರಸರ ವಿಷಯ ಬಂತಲ್ಲ, ಅವರೇ ಆ ಚರ್ಚನ್ನು ಉಳಿಸಿದ್ದು ಅಂತ ಒಂದು ಕಥೆ ಇದೆ.

529ರ ಸುಮಾರಿಗೆ ಸಮಾರ್ಯರ ದಂಗೆ ಆಯ್ತು, ಕಾನ್‌ಸ್ಟಂಟೈನ್ ಕಾಲದ ಕಟ್ಟಡಕ್ಕೆ ಪೆಟ್ಟು ಬಿತ್ತು. ಜಸ್ಟಿನಿಯನ್ ಕಾಲದಲ್ಲಿ ಮತ್ತೆ ಕಟ್ಟಿದರು. ಇವತ್ತು ನಾವು ಒಳಗೆ ಹೋಗಿ ನೋಡೋದು ಬಹುಪಾಲು ಆ ಕಟ್ಟಡವೇ, ಹತ್ತಿರ ಹತ್ತಿರ 1,450 ವರ್ಷ. 614ರಲ್ಲಿ ಪರ್ಷಿಯದ ಸೈನ್ಯ ಬಂತು, ಜೆರೂಸಲೇಮಿನಲ್ಲಿ ಚರ್ಚುಗಳನ್ನು ಸುಟ್ಟಿತು, ಇದನ್ನು ಮುಟ್ಟಲಿಲ್ಲ. ಯಾಕೆ? ಮುಂದಿನ ಗೋಡೆಯ ಮೊಸಾಯಿಕ್‌ನಲ್ಲಿ, ಅಂದ್ರೆ ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ರದಲ್ಲಿ, ಜೋಯಿಸರನ್ನು ಪರ್ಷಿಯನ್ ಉಡುಪಿನಲ್ಲಿ ಚಿತ್ರಿಸಿದ್ದರಂತೆ. ಸೈನಿಕರು ತಮ್ಮ ಪೂರ್ವಿಕರ ಥರ ಇದ್ದಾರಲ್ಲ ಅಂತ ಸುಮ್ಮನೆ ಹೋದರಂತೆ. 9ನೇ ಶತಮಾನದ ಒಂದು ಪತ್ರದಲ್ಲಿ ಈ ಕಥೆ ಇದೆ. ಆ ಮೊಸಾಯಿಕ್ ಈಗಿಲ್ಲ, ಕಥೆ ನಿಜವೋ ಗೊತ್ತಿಲ್ಲದವರೂ ಕಟ್ಟಡ ಉಳಿದದ್ದು ನಿಜ ಅಂತ ಒಪ್ಪಲೇಬೇಕು. 1009ರಲ್ಲಿ ಫಾತಿಮಿ ಖಲೀಫ ಅಲ್ ಹಾಕಿಮ್ ಜೆರೂಸಲೇಮಿನ ಪವಿತ್ರ ಸಮಾಧಿಯ ಚರ್ಚನ್ನೇ ಕೆಡವಿಸಿದ. ಆಗಲೂ ಇದು ಉಳೀತು.

ಒಳಗೆ ಸಾಲು ಸಾಲು ಕಂಬ ನೋಡಿದಿರಲ್ಲ, ಕೆಂಬಣ್ಣದ ಸುಣ್ಣಕಲ್ಲು, ಅಲ್ಲಿಯದೇ ಕಲ್ಲು. ಕಂಬದ ಮೇಲೆ ಮಸುಕಾದ ಸಂತರ ಚಿತ್ರ ಇವೆ, ಕ್ರುಸೇಡರ್ ಕಾಲದವು. ಅವರಲ್ಲಿ ಡೆನ್ಮಾರ್ಕಿನ ಕ್ನೂಟ್, ನಾರ್ವೆಯ ಓಲಾಫ್ ಇದ್ದಾರೆ. ಅಷ್ಟು ದೂರದಿಂದ ಬಂದವರು ತಮ್ಮ ಮನೆದೇವರನ್ನು ಕಂಬದ ಮೇಲೆ ಬರೆಸಿ ಹೋಗಿದ್ದಾರೆ. ನಮ್ಮ ಜನ ದೇವಸ್ಥಾನದ ಮೆಟ್ಟಿಲಿಗೆ ಹೆಸರು ಕೆತ್ತಿಸಲ್ವಾ, ಅದೇ.

1100ರ ಕ್ರಿಸ್‌ಮಸ್ ದಿನ ಕ್ರುಸೇಡರುಗಳ ಮೊದಲ ರಾಜ ಬಾಲ್ಡ್ವಿನ್‌ಗೆ ಪಟ್ಟ ಕಟ್ಟಿದ್ದೂ ಈ ಚರ್ಚಲ್ಲೇ. 1169ರ ಹೊತ್ತಿಗೆ ಗೋಡೆಗೆ ಚಿನ್ನದ ಮೊಸಾಯಿಕ್ ಮುಗೀತು. ಅದನ್ನು ಮಾಡಿದವರಲ್ಲಿ ಎಫ್ರೇಮ್, ಬಾಸಿಲ್ ಅನ್ನೋ ಇಬ್ಬರ ಹೆಸರು ಗೋಡೆ ಮೇಲೇ ಇದೆ. ಶಾಸನದಲ್ಲಿ ಗ್ರೀಕ್ ಚಕ್ರವರ್ತಿ ಮ್ಯಾನುಯೆಲ್, ಲ್ಯಾಟಿನ್ ರಾಜ ಅಮಾಲ್ರಿಕ್ ಇಬ್ಬರೂ ಅಕ್ಕಪಕ್ಕ. ಆಗ ಜಗಳ ಕಮ್ಮಿ ಇತ್ತು ಅಂತ ಕಾಣುತ್ತೆ.

ಈಗ ನನಗೆ ತುಂಬ ಇಷ್ಟವಾದ ಭಾಗ, ಮಾಡು. 1480ರ ಸುಮಾರಿಗೆ ಮಾಡು ಕುಸಿಯೋ ಸ್ಥಿತಿಗೆ ಬಂದಾಗ ಮರ, ಬಡಗಿಗಳು ವೆನಿಸ್ ಕಡೆಯಿಂದ ಹಡಗಲ್ಲಿ ಬಂದರು, ಹೊದಿಸೋಕೆ ಸೀಸ ಇಂಗ್ಲೆಂಡಿನ ದೊರೆ ನಾಲ್ಕನೇ ಎಡ್ವರ್ಡ್ ಕೊಟ್ಟ. ಆಮೇಲೆ ಶತಮಾನಗಳ ಕಾಲ ಮಾಡು ಸೋರ್ತಾ ಸೋರ್ತಾ ಮೊಸಾಯಿಕ್ ಉದುರಿತು. ದುಡ್ಡಿಲ್ಲದೆ ಅಲ್ಲ. ಯಾರು ರಿಪೇರಿ ಮಾಡಬೇಕು ಅನ್ನೋದು ಇತ್ಯರ್ಥ ಆಗದೆ! ಯಾಕಂದ್ರೆ ಅಲ್ಲಿಯ ಪದ್ಧತಿ ಪ್ರಕಾರ ರಿಪೇರಿ ಮಾಡಿದವರು ಹಕ್ಕು ಸ್ಥಾಪಿಸಿದ ಹಾಗೆ. ಕೊನೆಗೆ 2013ರಲ್ಲಿ ಇಟಲಿಯ ಕೆಲಸಗಾರರು ಮಾಡು ಹತ್ತಿದರು. ಕೊಳೆತ ಮರದ ಭಾಗ ಮಾತ್ರ ಕತ್ತರಿಸಿ, ಅದೇ ಅಳತೆಯ ಹಳೇ ಮರ ಜೋಡಿಸಿ. 2016ರಲ್ಲಿ ಗೋಡೆಯ ಗಾರೆ ಕೆಳಗೆ, ಶಾಖ ಗುರುತಿಸೋ ಕ್ಯಾಮೆರಾದಲ್ಲಿ ಏನೋ ಕಂಡು, ಬಿಡಿಸಿ ನೋಡಿದರೆ ಏಳನೇ ದೇವದೂತ! ಆರು ಕಾಣ್ತಿದ್ದರು, ಏಳನೆಯವರು ಗಾರೆಯೊಳಗೇ ನಿಂತಿದ್ದರು. ನೀವು 2019ರಲ್ಲಿ ಹೋಗಿದ್ದರೆ ತೊಳೆದು ಮಿಂಚೋ ಗೋಡೆ ನೋಡಿರ್ತೀರಿ. ಅದೃಷ್ಟ.


ಕೊಳ್ಳೇಗಾಲ 2

ನಾನಿರೋದು ಕಂದಾಯ ಇಲಾಖೆಲಿ. ರಿಪೇರಿ ಮಾಡ್ದೋರ್ಗೆ ಹಕ್ಕು ಅಂದ್ರೆ ನಮ್ಮ ಸ್ವಾಧೀನದ ಕೇಸ್‌ಗಳ ಥರಾನೇ ಆಯ್ತಲ್ಲ ಸಾರ್. ಅಮ್ಮ ಮೇಣ ಕೆರೆದ್ರೆ ಏನಾಗುತ್ತೆ ಅಂತ ಈಗ ಗೊತ್ತಾಯ್ತು. ಕಸ ಗುಡಿಸ್ದೋರ ಹೆಸ್ರಿಗೇ ಪಹಣಿ!


ಅಮ್ಮಾನ್ ವಾಸಿ

ಕೊಳ್ಳೇಗಾಲದವರು ತಮಾಷೆಗೆ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಜೋರ್ಡಾನಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಸೇತುವೆ ದಾಟಿ ಮೂರು ಸಲ ಬೇತ್ಲೆಹೇಮಿಗೆ ಹೋಗಿ ಬಂದಿದ್ದೇನೆ.

ಆ ಚರ್ಚು ಗ್ರೀಕ್ ಆರ್ಥೊಡಾಕ್ಸ್, ಅರ್ಮೇನಿಯನ್ ಮತ್ತು ಕ್ಯಾಥೊಲಿಕ್ ಫ್ರಾನ್ಸಿಸ್ಕನ್ ಸನ್ಯಾಸಿಗಳ ಕೈಯಲ್ಲಿದೆ. ಯಾವ ಮೆಟ್ಟಿಲು, ಯಾವ ಮೊಳೆ, ಯಾವ ದೀಪ, ಯಾವ ಗಂಟೆಗೆ ಯಾರ ಪೂಜೆ, ಎಲ್ಲವೂ ಹಿಂದಿನಿಂದ ಹೇಗಿತ್ತೋ ಹಾಗೇ. ಅದಕ್ಕೆ "ಸ್ಟೇಟಸ್ ಕೋ" ಅಂತಲೇ ಹೆಸರು. ಒಟ್ಟೋಮನ್ ಸುಲ್ತಾನರ 1757 ಮತ್ತು 1852ರ ಫರ್ಮಾನುಗಳಿಂದ ಬಂದ ಏರ್ಪಾಡು. ಬ್ರಿಟಿಷರು ಬಂದ ಮೇಲೆ 1929ರಲ್ಲಿ ಇದನ್ನೆಲ್ಲ ಬರೆದಿಟ್ಟರು. ಇವತ್ತಿಗೂ ಅದೇ ನಡೆಯುತ್ತದೆ.

ಗುಹೆಗೆ ಇಳಿದಾಗ ನೋಡಿದ್ದು ಹೇಳುತ್ತೇನೆ. ಸುಮಾರು 12 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ. ಎಣ್ಣೆ, ಮೇಣ, ಧೂಪ, ಜನರ ಬೆವರು ಸೇರಿದ ವಾಸನೆ. ಒಂದು ಪುಟ್ಟ ಪೀಠ, ಅದರ ಕೆಳಗೆ ಅಮೃತಶಿಲೆಯ ನೆಲದಲ್ಲಿ ಹದಿನಾಲ್ಕು ಮೂಲೆಯ ಬೆಳ್ಳಿ ನಕ್ಷತ್ರ. ನಡುವೆ ತೂತು. ಮಂಡಿಯೂರಿ, ತಲೆ ಪೀಠದ ಕೆಳಗೆ ತೂರಿಸಿ, ಕೈ ಹಾಕಿದರೆ ಒಳಗಿನ ಬಂಡೆ ಬೆರಳಿಗೆ ತಾಗುತ್ತದೆ, ತಣ್ಣಗೆ, ನುಣ್ಣಗೆ. ಸುತ್ತ ಹದಿನೈದು ಬೆಳ್ಳಿ ದೀಪ ತೂಗುತ್ತವೆ: ಆರು ಗ್ರೀಕರದ್ದು, ಐದು ಅರ್ಮೇನಿಯನ್ನರದ್ದು, ನಾಲ್ಕು ಕ್ಯಾಥೊಲಿಕ್ಕರದ್ದು. ಬೆಳಕು ನೋಡಿದರೆ ಯಾರ ದೀಪದ್ದೋ ತಿಳಿಯುವುದಿಲ್ಲ.

ಆ ನಕ್ಷತ್ರದ ಮೇಲೆ ಲ್ಯಾಟಿನ್‌ನಲ್ಲಿ "ಇಲ್ಲಿ ಕನ್ಯೆ ಮರಿಯಳಿಂದ ಯೇಸು ಕ್ರಿಸ್ತನು ಹುಟ್ಟಿದನು" ಅಂತ ಕೆತ್ತಿದೆ, 1717 ಅಂತ ಇಸವಿ ಸಮೇತ. ಲ್ಯಾಟಿನ್ ಅಂದರೆ ಕ್ಯಾಥೊಲಿಕ್ಕರ ಭಾಷೆ, ಅಂದರೆ ಅವರ ಹಕ್ಕಿನ ಗುರುತು. 1847ರಲ್ಲಿ ಮೊದಲಿನ ನಕ್ಷತ್ರ ಕಳುವಾಯಿತು, ಈಗಿರುವುದು ಆಮೇಲೆ ಇಟ್ಟದ್ದು. ಕ್ಯಾಥೊಲಿಕ್ಕರು ಗ್ರೀಕರ ಕಡೆ ಬೆರಳು ತೋರಿಸಿದರು. ಇವರ ಬೆನ್ನಿಗೆ ಫ್ರಾನ್ಸ್, ಅವರ ಬೆನ್ನಿಗೆ ರಷ್ಯಾ. ಮುಂಬಾಗಿಲಿನ ಬೀಗದ ಕೈ ಯಾರ ಸೊಂಟದಲ್ಲಿರಬೇಕು ಅನ್ನುವುದು ಇಸ್ತಾಂಬುಲ್, ಪ್ಯಾರಿಸ್, ಸೇಂಟ್ ಪೀಟರ್ಸ್‌ಬರ್ಗಿನ ತನಕ ಹೋಯಿತು. 1852ರ ಕೊನೆಗೆ ಸುಲ್ತಾನ ಫ್ರಾನ್ಸಿನ ಮಾತಿಗೆ ಒಪ್ಪಿ ಕ್ಯಾಥೊಲಿಕ್ಕರಿಗೂ ಬೀಗದ ಕೈ ಕೊಡಿಸಿದ. ರಷ್ಯಾದ ಜಾರ್ ನಿಕೊಲಸ್ ಕೆರಳಿದ, ಸುಲ್ತಾನನ ರಾಜ್ಯದ ಆರ್ಥೊಡಾಕ್ಸ್ ಪ್ರಜೆಗಳ ರಕ್ಷಣೆ ತನ್ನದು ಅಂದ. 1853ರಲ್ಲಿ ಕ್ರಿಮಿಯಾ ಯುದ್ಧ ಶುರು. ಅದಕ್ಕೆ ಬೇರೆ ಕಾರಣ ಹತ್ತಿದ್ದವು, ಆದರೆ ಬೆಂಕಿಪೊಟ್ಟಣ ಬೇತ್ಲೆಹೇಮಿನದ್ದು.

ಈಗ ಪೊರಕೆಯ ವಿಷಯ. 2011ರ ಡಿಸೆಂಬರ್ 28ರಂದು, ಡಿಸೆಂಬರ್ 25ರ ಹಬ್ಬ ಮುಗಿಸಿ ಆರ್ಥೊಡಾಕ್ಸ್ ಹಬ್ಬಕ್ಕೆ ಚರ್ಚು ತೊಳೆಯುವಾಗ, ಗ್ರೀಕ್ ಮತ್ತು ಅರ್ಮೇನಿಯನ್ ಸನ್ಯಾಸಿಗಳು ಸುಮಾರು ನೂರು ಜನ ಪೊರಕೆಯಲ್ಲೇ ಹೊಡೆದಾಡಿಕೊಂಡರು. ಒಬ್ಬರು ಇನ್ನೊಬ್ಬರ ಗಡಿಯಾಚೆಗೆ ಗುಡಿಸಿದರು ಅನ್ನುವುದೇ ಜಗಳ. ಬಿಡಿಸಲು ಪ್ಯಾಲೆಸ್ಟೀನಿನ ಪೊಲೀಸರು ಲಾಠಿ ಹಿಡಿದು ಒಳಗೆ ಬರಬೇಕಾಯಿತು. 2007ರಲ್ಲೂ ಹೀಗೇ ಆಗಿತ್ತು. ನಿಮ್ಮ ಅಮ್ಮನನ್ನು ಎಬ್ಬಿಸಿದ ಪಾದ್ರಿ ಸಮಾಧಾನದ ಮನುಷ್ಯ.


ಧಾರವಾಡ ಫೇಡೆ

ಎಪ್ಪಾ, ಕಸಬರಿಗಿ ಯುದ್ಧ.


ಪ್ರಶ್ನಾರ್ಥಕ

ಇದಕ್ಕೇ ನಾನು ಪ್ರಶ್ನಾರ್ಥಕವಾಗಿ ಉಳಿದದ್ದು. ಗೋದಲಿಯಲ್ಲಿ ಹುಟ್ಟಿದವನ ಜಾಗಕ್ಕೆ ಬೀಗದ ಕೈ ಜಗಳ.


ಹಳೇ ಮೇಷ್ಟ್ರು

ಜಗಳವನ್ನೇ ನೋಡಬೇಡಿ. ಅದೇ ಗುಹೆಗಳ ಸಾಲಿನಲ್ಲಿ 386ರಲ್ಲಿ ಜೆರೋಮ್ ಬಂದು ನೆಲೆಸಿ, ಹೀಬ್ರೂ ಕಲಿತವರ ಹತ್ತಿರ ಕೂತು, ಹಳೆಯ ಒಡಂಬಡಿಕೆಯನ್ನು ಮೂಲದಿಂದಲೇ ಲ್ಯಾಟಿನ್ನಿಗೆ ತಂದ. 420ರಲ್ಲಿ ಅಲ್ಲೇ ಸತ್ತ. ಅವನ ಜೊತೆಗಿದ್ದು, ತನ್ನ ಆಸ್ತಿ ಸುರಿದು ಮಠ ಕಟ್ಟಿಸಿದವಳು ಪೌಲಾ ಎಂಬ ರೋಮಿನ ಸಿರಿವಂತ ವಿಧವೆ. ಸಾವಿರ ವರ್ಷಕ್ಕೂ ಮಿಕ್ಕಿ ಪಶ್ಚಿಮ ಯೂರೋಪು ಓದಿದ ಬೈಬಲ್ಲು ಈ ಊರಿನ ಗವಿಯಲ್ಲಿ ಸಿದ್ಧವಾದದ್ದು. ರೂತ್, ಪೌಲಾ, ಇಬ್ಬರೂ ಹೊರಗಿನಿಂದ ಬಂದ ವಿಧವೆಯರು. ಈ ಊರಿಗೆ ಅವರ ಋಣ ಹೆಚ್ಚು. ಬಳ್ಳಾರಿಯಲ್ಲಿ ಕೂತು ಕನ್ನಡಕ್ಕೆ ಬೈಬಲ್ ತಂದ ಜಾನ್ ಹ್ಯಾಂಡ್ಸ್ ಕಾಲಕ್ಕೂ ಆ ಗವಿಯ ಕೆಲಸವೇ ಅನುವಾದಕರಿಗೆ ಹಿರಿಯಣ್ಣ.


ಕೊಳ್ಳೇಗಾಲ 2

ಮೈಸೂರು ಲ್ಯಾನ್ಸರ್ಸ್ ಬೇತ್ಲೆಹೇಮ್ ಗೆದ್ದಿದ್ದು ಅಂತ ಎಲ್ಲೋ ಓದಿದ ನೆನಪು. ಸರಿನಾ?


ಹಳೇ ಮೇಷ್ಟ್ರು

ಅಲ್ಲ. ನಮ್ಮ ಮೈಸೂರು ಲ್ಯಾನ್ಸರ್ಸ್, ಜೋಧ್‌ಪುರದವರ ಜೊತೆ ಕುದುರೆಯ ಮೇಲೆ ನುಗ್ಗಿ ಹಿಡಿದದ್ದು ಹೈಫಾ ಬಂದರನ್ನು, 1918ರ ಸೆಪ್ಟೆಂಬರ್ 23. ಬೇತ್ಲೆಹೇಮ್ ಅದಕ್ಕಿಂತ ಮೊದಲೇ, 1917ರ ಡಿಸೆಂಬರಿನಲ್ಲಿ ವೇಲ್ಸಿನ ಪಡೆಯ ಕೈಗೆ ಬಂದಿತ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ಆ ಕಡೆ ಯಾವತ್ತೂ ಹೋಗಿಲ್ಲವೇ?


ಕೊಳ್ಳೇಗಾಲ 2

ಹೋಗಿದೀನಿ ಸಾರ್, ಬಸ್ಸಲ್ಲಿ. ತಪ್ಪಾಯ್ತು.


ಕಂಕನಾಡಿಯವಳು

ಅಮ್ಮನಿಗೆ ಪೊರಕೆಯ ಸುದ್ದಿ ಇನ್ನೂ ಹೇಳಿಲ್ಲ. ಹೇಳಿದರೆ ನಗು ನಿಲ್ಲುವುದಿಲ್ಲ, ಬಿಪಿ ಉಂಟು.

ಅಮ್ಮಾನ್‌ನವರೇ, ಇಗರ್ಜಿಯ ಎದುರಿನ ಚೌಕದಲ್ಲಿ ದೊಡ್ಡ ಮಸೀದಿ ಉಂಟಲ್ಲ, ಅದಕ್ಕೂ ಇದಕ್ಕೂ ಜಗಳ ಇಲ್ಲವಾ? ನಾವು ಆಲಿವ್ ಮರದ ಜಪಸರ ತಕೊಂಡ ಅಂಗಡಿಯವ ಕ್ರೈಸ್ತ, ಅವನ ಪಕ್ಕದವ ಮುಸ್ಲಿಂ, ಇಬ್ಬರೂ ಒಂದೇ ಕೆಟಲಿನ ಚಾ ಕುಡೀತಿದ್ದರು.


ಅಮ್ಮಾನ್ ವಾಸಿ

ಅದು ಉಮರ್ ಮಸೀದಿ, 1860ರಲ್ಲಿ ಕಟ್ಟಿದ್ದು. ಜಾಗ ಕೊಟ್ಟಿದ್ದು ಗ್ರೀಕ್ ಆರ್ಥೊಡಾಕ್ಸ್ ಚರ್ಚು! 7ನೇ ಶತಮಾನದಲ್ಲಿ ಖಲೀಫ ಉಮರ್ ಇಲ್ಲಿಗೆ ಬಂದು ಪ್ರಾರ್ಥನೆ ಮಾಡಿ, ಚರ್ಚಿಗೆ ಅಭಯ ಕೊಟ್ಟ ಅಂತ ಪರಂಪರೆ. ಮರಿಯಮ್ಮನಿಗೆ ಕುರಾನಿನಲ್ಲಿ ಒಂದು ಅಧ್ಯಾಯವೇ ಇದೆಯಲ್ಲ. ಊರಿನ ಮೇಯರ್ ಕ್ರೈಸ್ತರೇ ಆಗಬೇಕು ಅನ್ನುವ ಕಟ್ಟಳೆ ಇದೆ. 2012ರಲ್ಲಿ ಮೊದಲ ಮಹಿಳಾ ಮೇಯರ್ ವೇರಾ ಬಬೂನ್.

ಆದರೆ ನಿಮ್ಮ ಅಂಗಡಿಯವನಂಥವರು ಕಮ್ಮಿಯಾಗುತ್ತಿದ್ದಾರೆ. ಒಂದು ಕಾಲಕ್ಕೆ ಊರಿನ ಬಹುಪಾಲು ಕ್ರೈಸ್ತರದ್ದೇ, ಈಗ ಅವರು ಅಲ್ಪಸಂಖ್ಯಾತರು. ಹೊರಟದ್ದು ಇವತ್ತು ನಿನ್ನೆ ಅಲ್ಲ. ಮುತ್ತಿನ ಚಿಪ್ಪು ಮತ್ತು ಆಲಿವ್ ಮರದ ಕೆತ್ತನೆ ಅವರ ಕಸುಬು, ಫ್ರಾನ್ಸಿಸ್ಕನ್ನರು ಬೆಳೆಸಿದ್ದು. 19ನೇ ಶತಮಾನದ ಕೊನೆಗೆ ಶಿಲುಬೆ, ಜಪಸರದ ಗಂಟು ಕಟ್ಟಿಕೊಂಡು ಅಮೆರಿಕದ ವಸ್ತುಪ್ರದರ್ಶನಗಳಿಗೆ ಹೋದರು, 1893ರಲ್ಲಿ ಶಿಕಾಗೋಗೂ. ಅಲ್ಲಿಂದ ಚಿಲಿ, ಹೊಂಡುರಾಸ್, ಎಲ್ ಸಾಲ್ವಡಾರ್. ಕೈಯಲ್ಲಿ ತುರ್ಕಿ ಪಾಸ್‌ಪೋರ್ಟ್ ಇತ್ತು ಅಂತ ಅಲ್ಲಿಯ ಜನ ಇವರನ್ನು "ತುರ್ಕೋ" ಅಂತ ಕರೆದರು. ಚಿಲಿಯಲ್ಲಿ 1920ರಲ್ಲಿ ಹುಟ್ಟಿದ ಪಲೆಸ್ತಿನೋ ಅನ್ನುವ ಫುಟ್‌ಬಾಲ್ ಕ್ಲಬ್ ಇವತ್ತಿಗೂ ಆಡುತ್ತಿದೆ. 2004ರಲ್ಲಿ ಎಲ್ ಸಾಲ್ವಡಾರ್ ಅಧ್ಯಕ್ಷ ಚುನಾವಣೆಗೆ ಎದುರುಬದುರು ನಿಂತ ಆಂಟೋನಿಯೊ ಸಾಕಾ, ಶಫೀಕ್ ಹಂದಾಲ್ ಇಬ್ಬರ ಹಿರಿಯರೂ ಬೇತ್ಲೆಹೇಮಿನವರೇ.

1948ರ ಯುದ್ಧದಲ್ಲಿ ನಿರಾಶ್ರಿತರು ಬಂದು ದೆಹೈಶೆಯಂಥ ಶಿಬಿರಗಳಾದವು. ಜೋರ್ಡಾನ್ ಆಳಿತು, 1967ರಲ್ಲಿ ಇಸ್ರೇಲ್ ಹಿಡಿಯಿತು, 1995ರ ಕ್ರಿಸ್‌ಮಸ್‌ಗೆ ಸ್ವಲ್ಪ ಮೊದಲು ಊರು ಪ್ಯಾಲೆಸ್ಟೀನ್ ಆಡಳಿತಕ್ಕೆ ಬಂತು. 2002ರ ಏಪ್ರಿಲ್ 2ರಿಂದ 39 ದಿನ ಇದೇ ಚರ್ಚಿನೊಳಗೆ ಹೋರಾಟಗಾರರು, ಸನ್ಯಾಸಿಗಳು, ಊರವರು ಸೇರಿ ಇನ್ನೂರಕ್ಕೂ ಹೆಚ್ಚು ಜನ, ಹೊರಗೆ ಇಸ್ರೇಲಿನ ಟ್ಯಾಂಕು. ಆಮೇಲೆ ಕಾಂಕ್ರೀಟ್ ಗೋಡೆ ಬಂತು. ಬೈಬಲ್ಲಿನ ಯಾಕೋಬನ ಹೆಂಡತಿ ರಾಹೇಲಳ ಸಮಾಧಿ ಊರಿನ ಉತ್ತರದ ತುದಿಯಲ್ಲೇ ಇದ್ದರೂ ಈಗ ಗೋಡೆಯ ಆಚೆಗೆ ಸೇರಿಹೋಗಿದೆ.


ಪ್ರಶ್ನಾರ್ಥಕ

ಗೋಡೆ ಕಟ್ಟಿದ್ದು ಸರಿಯೋ ತಪ್ಪೋ ಅಂತ ಮೊದಲು ಮಾತಾಡೋಣ, ಯಾಕಂದ್ರೆ


ಸಂಚಾಲಕ

ಇಲ್ಲಿ ಬೇಡ. ಅದಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ 400 ಪ್ರತಿಕ್ರಿಯೆ ಆಗಿವೆ. ಇಲ್ಲಿ ಬಾಗಿಲಿನ ಈಚೆಗೆ ಇರಿ.


ಕಲ್ಲುಕುಟಿಗ

ಒಂದು ಸೇರಿಸಿಬಿಡ್ತೀನಿ. 2012ರಲ್ಲಿ ಯುನೆಸ್ಕೊ ಈ ಚರ್ಚನ್ನು ವಿಶ್ವ ಪರಂಪರೆಯ ಪಟ್ಟಿಗೆ ಹಾಕಿದಾಗ, ಅಪಾಯದಲ್ಲಿರೋ ತಾಣ ಅಂತಲೇ ಹಾಕಿತ್ತು, ಮಾಡಿನ ಸೋರಿಕೆಯಿಂದ. ರಿಪೇರಿ ನೋಡಿ 2019ರಲ್ಲಿ ಅಪಾಯದ ಪಟ್ಟಿಯಿಂದ ತೆಗೀತು. ಮೂರೂ ಪಂಗಡ ಒಟ್ಟಿಗೆ ಸಹಿ ಹಾಕಿದ್ದಕ್ಕೇ ಕೆಲಸ ನಡೆದದ್ದು. ನಮ್ಮಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದು ಹಂಚಿನ ಮಾಡಿಗೆ ಸಹಿ ಹಾಕಲ್ಲ, ನಾನು ಕಣ್ಣಾರೆ ಕಂಡಿದ್ದೀನಿ, ಬಿಲ್ಲು ಇನ್ನೂ ಬರಬೇಕು.


ಧಾರವಾಡ ಫೇಡೆ

ಅಲ್ಲಿ ಕ್ರಿಸ್‌ಮಸ್ ಎಷ್ಟ ಸಲ ಬರ್ತದ ಅಂತೀರಿ?


ಅಮ್ಮಾನ್ ವಾಸಿ

ಮೂರು. ಡಿಸೆಂಬರ್ 25 ಕ್ಯಾಥೊಲಿಕ್ಕರು, ಪ್ರೊಟೆಸ್ಟೆಂಟರು. ನಡುರಾತ್ರಿಯ ಬಲಿಪೂಜೆ ಹಳೇ ಚರ್ಚಿನಲ್ಲಿ ಅಲ್ಲ, ಅಂಟಿಕೊಂಡಿರುವ ಸಂತ ಕ್ಯಾಥರೀನಳ ಚರ್ಚಿನಲ್ಲಿ. ಜನವರಿ 7 ಆರ್ಥೊಡಾಕ್ಸ್, ಹಳೇ ಜೂಲಿಯನ್ ಪಂಚಾಂಗ. ಜನವರಿ 19 ಅರ್ಮೇನಿಯನ್ನರು. ಹೀಗಾಗಿ ದೀಪದ ಸರ ಇಳಿಸುವ ತಾಪತ್ರಯವೇ ಇಲ್ಲ. ಆದರೆ 2023ರಲ್ಲಿ ಗಾಜಾ ಯುದ್ಧದ ದುಃಖಕ್ಕೆ ಚೌಕದಲ್ಲಿ ಮರವೂ ಇಲ್ಲ, ದೀಪವೂ ಇಲ್ಲ. ಊರಿನ ಲೂಥರನ್ ಚರ್ಚಿನಲ್ಲಿ ಬಾಲ ಯೇಸುವನ್ನು ಗೋದಲಿಯ ಬದಲು ಒಡೆದ ಕಲ್ಲು, ಕಾಂಕ್ರೀಟಿನ ರಾಶಿಯ ನಡುವೆ ಮಲಗಿಸಿದ್ದರು.


ಕಂಕನಾಡಿಯವಳು

ಆ ಚಿತ್ರ ಅಮ್ಮ ಪೇಪರಿನಿಂದ ಕತ್ತರಿಸಿ ಇಟ್ಟಿದ್ದಾರೆ. ನನಗೆ ಎಂತಕ್ಕೆ ಅಂತ ಗೊತ್ತಿರಲಿಲ್ಲ.

ಇವತ್ತು ಊಟದ ಹೊತ್ತಿಗೆ ಎಲ್ಲ ಓದಿ ಹೇಳಿದೆ. ಬಾಗಿಲು, ಬೀಗದ ಕೈ, ಏಳನೇ ದೇವದೂತ, ಪೊರಕೆ. ಪೊರಕೆಗೆ ಬಂದಾಗ ನಾನು ನೆನೆಸಿದ ಹಾಗೆಯೇ ಆಯಿತು, ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ನಗು. ಆಮೇಲೆ ಕೈ ತೊಳಕೊಂಡು ಬಂದು, ಆ ಮೇಣ ಕೆರೆದ ಉಗುರು ನೋಡ್ತಾ ಹೇಳಿದರು: "ಇನ್ನು ಎರಡು ನಿಮಿಷ ಬಿಟ್ಟಿದ್ದರೆ ಕಂಕನಾಡಿಗೂ ಒಂದು ಮೆಟ್ಟಿಲು ಸಿಗ್ತಿತ್ತು."